ಇಡೀ ಕೋಳಿಯ ಪ್ರಕರಣ

ಪೇಟೆಯಿಂದ ತಂದದ್ದು ರುಚಿಯೋ, ಮನೆಯಲ್ಲಿ ಮಾಡಿದ್ದು ರುಚಿಯೋ ಎಂಬ ಪ್ರಶ್ನೆ ಹಪ್ಪಳ, ಉಪ್ಪಿನಕಾಯಿಗಳ ಮಟ್ಟಿಗೆ ಎಂದೋ ತೀರ್ಮಾನವಾಗಿದೆ. ಮನೆಯದೇ ಮೇಲೆಂದು ಎಲ್ಲರೂ ಒಪ್ಪುತ್ತಾರೆ. ಒಪ್ಪಿಕೊಂಡು ಪೇಟೆಯಿಂದಲೇ ತರುತ್ತಾರೆ. ಆದರೆ ಇಡೀ ಕೋಳಿಯೊಂದನ್ನು ಸುಡುವ ವಿಷಯದಲ್ಲಿ ತೀರ್ಪು ಅಷ್ಟು ಸುಲಭವಲ್ಲವೆಂದು ಈ ವರ್ಷದ ಹೊಸತೊಡಕಿನ ದಿನ ನಮಗೆ ಮನವರಿಕೆಯಾಯಿತು. ಶಾಕಾಹಾರಿಗಳಾದ ವಾಚಕರು ನಮ್ಮನ್ನು ಮನ್ನಿಸಬೇಕು.

ನಾವು ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಮಂಡ್ಯದ ಕಡೆಯ ಹಳ್ಳಿಯೊಂದರಿಂದ ಇಲ್ಲಿಗೆ ಬಂದು ೧೧ ವರ್ಷಗಳಾದುವು. ನಮ್ಮ ಕಡೆ ಯುಗಾದಿಯ ದಿನ ಬೇವುಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು, ಬಾಡೂಟ. ಆ ದಿನ ಏನು ನಡೆಯಿತೋ ವರ್ಷವೆಲ್ಲ ಅದೇ ನಡೆಯುತ್ತದೆಂಬುದು ನಮ್ಮವ್ವನ ನಂಬಿಕೆ. ಆದಕಾರಣ ಅಂದು ಮನೆಯಲ್ಲಿ ನಮ್ಮನ್ನು ಯಾರೂ ಬಯ್ಯುತ್ತಿರಲಿಲ್ಲ. ಎಷ್ಟು ತುಂಡು ಕೇಳಿದರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ದೆಹಲಿಯ ಕಚೇರಿಯ ರಜಾಪಟ್ಟಿಯಲ್ಲಿ ಹೊಸತೊಡಕು ಎಂಬ ಹಬ್ಬವಿಲ್ಲ. ಸಂಜೆ ಕಡತ ಕಟ್ಟಿಟ್ಟು ಹೊರಟು, ಮಾರ್ಕೆಟ್ಟಿನ ಮೂಲೆಯ ಅಂಗಡಿಯಲ್ಲಿ ಒಂದು ಇಡೀ ತಂದೂರಿ ಕೋಳಿ ಕಟ್ಟಿಸಿಕೊಂಡು ಮನೆ ಸೇರುವುದೇ ಇಷ್ಟು ವರ್ಷವೂ ನಮ್ಮ ಹೊಸತೊಡಕಾಗಿತ್ತು.

ಆ ಕೋಳಿಯನ್ನು ಹಳಿಯುವಂತಿಲ್ಲ. ತಂದೂರು ಪಂಜಾಬಿನ ಹಳ್ಳಿಗಳಲ್ಲಿ ನೆರೆಹೊರೆಯವರೆಲ್ಲ ಕೂಡಿ ರೊಟ್ಟಿ ಸುಡುತ್ತಿದ್ದ ಮಣ್ಣಿನ ಒಲೆ. ೧೯೪೭ರ ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ದೆಹಲಿಗೆ ಬಂದವರು ಆ ಒಲೆಯ ವಿದ್ಯೆಯನ್ನು ಮಾತ್ರ ಕೈಬಿಡಲಿಲ್ಲ. ಪೇಶಾವರದಿಂದ ಬಂದವರು ದರಿಯಾಗಂಜಿನಲ್ಲಿ ತೆರೆದ ಮೋತಿ ಮಹಲ್ ಹೋಟೆಲಿನಿಂದ ತಂದೂರಿ ಕೋಳಿಯ ಹೆಸರು ಊರೆಲ್ಲ ಹಬ್ಬಿತು. ಮಾರಾಟವಾಗದೆ ಒಣಗಿದ ತಂದೂರಿ ಕೋಳಿಯನ್ನು ಬೆಣ್ಣೆ, ಟೊಮೇಟೊಗಳ ಗೊಜ್ಜಿನಲ್ಲಿ ಬೇಯಿಸಿದ್ದರಿಂದಲೇ ಬಟರ್ ಚಿಕನ್ ಹುಟ್ಟಿತೆಂದು ಹೇಳುತ್ತಾರೆ. ಅದನ್ನು ಮೊದಲು ಮಾಡಿದವರು ಯಾರೆಂಬ ವ್ಯಾಜ್ಯ ೨೦೨೪ರಲ್ಲಿ ದೆಹಲಿ ಹೈಕೋರ್ಟಿನವರೆಗೂ ಹೋಯಿತು. ಅದಿರಲಿ. ತಂದೂರಿನ ಶಾಖ ೪೦೦ ಡಿಗ್ರಿಯನ್ನೂ ದಾಟಬಲ್ಲುದು. ಒಂದು ಕಿಲೋ ಮೀರದ ಎಳೆಯ ಕೋಳಿಯನ್ನು ಗೀರಿ, ಮೊಸರು ಮಸಾಲೆ ಮೆತ್ತಿ, ಸಲಾಕೆಗೆ ಚುಚ್ಚಿ ಇಳಿಬಿಟ್ಟರೆ, ಗೋಡೆಯ ಕಾವು ಕೆಂಡದ ಕಾವು ಎರಡೂ ಸೇರಿ, ರಸ ಒಣಗುವುದಕ್ಕೆ ಮೊದಲೇ ಮಾಂಸ ಬೆಂದಿರುತ್ತದೆ. ಕೆಂಡದ ಮೇಲೆ ಹನಿದ ಜಿಡ್ಡಿನ ಹೊಗೆಯೇ ಅದರ ಪರಿಮಳ. ನಮ್ಮ ಮನೆಯ ಒಲೆಗೆ ಈ ಭಾಗ್ಯ ಎಲ್ಲಿಂದ ಬರಬೇಕು?

ಇಷ್ಟು ತಿಳಿದೂ ಈ ವರ್ಷ ನಾವು ಮನೆಯಲ್ಲಿ ಕೋಳಿ ಸುಡಲು ಹೊರಟದ್ದಕ್ಕೆ ಕಾರಣವಿತ್ತು. ಅಪ್ಪ ತೀರಿಕೊಂಡು, ವರ್ಷದ ಕಾರ್ಯ ಮುಗಿದ ಮೇಲೆ ಅವ್ವನನ್ನು ದೆಹಲಿಗೆ ಕರೆತಂದೆವು. ಬಂದು ಎರಡು ತಿಂಗಳಾದರೂ ಅವ್ವ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಬಡಿಸಿದ್ದನ್ನು ಉಣ್ಣುವುದು, ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ರಸ್ತೆ ನೋಡುವುದು, ಇಷ್ಟೇ. “ಅತ್ತೆ, ಸಾರಿಗೆ ಉಪ್ಪು ಸಾಕಾ ನೋಡಿ” ಎಂದು ನಮ್ಮಾಕೆ ಕರೆದರೆ, “ನೀನು ಮಾಡಿದ್ದು ಚೆಂದಾಗೇ ಇರ್ತದೆ ಬುಡವ್ವ” ಎಂದು ಕುಳಿತಲ್ಲಿಂದಲೇ ಉತ್ತರ. ನಲವತ್ತು ವರ್ಷ ತನ್ನ ಒಲೆಯ ಮುಂದೆ ಇನ್ನೊಬ್ಬರನ್ನು ನಿಲ್ಲಗೊಡದ ಹೆಂಗಸು! ಅವಳು ಅತ್ತಿದ್ದರೆ ನಾವು ಸಮಾಧಾನ ಹೇಳುತ್ತಿದ್ದೆವು. ಈ ಒಪ್ಪಿಗೆಗೆ ಏನು ಹೇಳಬೇಕೋ ತೋಚಲಿಲ್ಲ.

ಹೊಸತೊಡಕಿನ ದಿನವೂ ಅವ್ವ ಅಂಗಡಿಯ ಪೊಟ್ಟಣದ ಮುಂದೆ ಸುಮ್ಮನೆ ಕುಳಿತರೆ ವರ್ಷವೆಲ್ಲ ಹಾಗೆಯೇ ಕುಳಿತಾಳೆಂದು ನಮಗೆ ಹೆದರಿಕೆಯಾಯಿತು. ಸಾರನ್ನೇ ಮಾಡಬಹುದಿತ್ತಲ್ಲ ಎನ್ನುವಿರಿ. ಅವ್ವನ ಸಾರನ್ನು ಅವ್ವನ ಎದುರಿಗೆ ಮಾಡುವ ಧೈರ್ಯ ನಮ್ಮಾಕೆಗೂ ಇರಲಿಲ್ಲ, ನಮಗೂ ಇರಲಿಲ್ಲ. ಮಕ್ಕಳಿಗೋ ಹೊಸತೊಡಕೆಂದರೆ ಇಡೀ ಕೋಳಿಯೇ. ಒಂದು ಸಿ.ಎಲ್. ಬರೆದುಕೊಟ್ಟು ಕೆಲಸಕ್ಕೆ ಕೈಹಾಕಿದೆವು. ದೀಪಾವಳಿಯಲ್ಲಿ ಕೊಂಡು ಎರಡು ಸಲ ಕೇಕು ಮಾಡಿ ಮೂಲೆಗಿಟ್ಟಿದ್ದ ಕರೆಂಟಿನ ಓವನ್ ಹೊರಬಂತು. ಎರಡು ಕಿಲೋ ತೂಗುವ ಕೋಳಿಯನ್ನು ಅಂಗಡಿಯವನು ಇಲ್ಲಿಯ ರೂಢಿಯಂತೆ ತೊಗಲು ಸುಲಿದೇ ಕೊಟ್ಟ. ಹಿಂದಿನ ರಾತ್ರಿಯೇ ಗಟ್ಟಿ ಮೊಸರು, ಶುಂಠಿ, ಬೆಳ್ಳುಳ್ಳಿ, ಮೆಣಸಿನ ಪುಡಿ, ಸಾಸಿವೆ ಎಣ್ಣೆ ಎಲ್ಲವನ್ನೂ ಮೆತ್ತಿಟ್ಟೆವು. ತಂದೂರಿನ ಶಾಖ ಬೇಕೆಂದು ಓವನಿನ ತಿರುಗುಣಿಯನ್ನು ಕೊನೆಯ ಗೆರೆಗೆ, ಅಂದರೆ ೨೫೦ ಡಿಗ್ರಿಗೆ ತಿರುಗಿಸಿದೆವು.

ಒಂದು ಗಂಟೆ ಕಳೆದು ತೆಗೆದು ನೋಡಿದರೆ ಕೋಳಿಯ ಮೈಯೆಲ್ಲ ಕರಿ. ಎದೆಯ ಮಾಂಸ ತೆಂಗಿನ ನಾರಿನಂತೆ ಒಣಗಿತ್ತು. ತೊಡೆಯ ಸಂದಿಗೆ ಚಾಕು ಹಾಕಿದರೆ ಕೆಂಪು ನೀರು. ಮಕ್ಕಳ ಮುಖ ಸಪ್ಪಗಾಯಿತು. ನಾವು ಮೂಲೆಯ ಅಂಗಡಿಗೆ ಫೋನು ಮಾಡಬೇಕೆಂದಿರುವಾಗ ಹಿಂದಿನಿಂದ ದನಿ ಕೇಳಿಸಿತು.

“ತೊಗಲೆಲ್ಲಿ?”

ಅವ್ವ ಅಡುಗೆಮನೆಯ ಒಳಗೆ ನಿಂತಿದ್ದಳು.

“ಇಲ್ಲಿ ಸುಲಿದೇ ಕೊಡ್ತಾರವ್ವ.”

“ತೊಗಲು ಸುಲಿದ ಮೇಲೆ ಜಿಡ್ಡು ಎಲ್ಲಿಂದ ಬಂದಾತು? ಒಣಗದೆ ಇನ್ನೇನಾದಾತು? ಪುಕ್ಕ ಕಿತ್ತು, ಹುಲ್ಲುರೀಲಿ ಸುಟ್ಟು, ಅರಿಸಿನ ಹಚ್ತಿದ್ದದ್ದು ಮರೆತೋಯ್ತೇನ್ಲಾ? ಇಷ್ಟು ದೊಡ್ಡ ಕೋಳೀನ ಇಡೀದಾಗಿ ಒಳಕ್ಕೆ ತುರುಕಿದ್ದೀಯಲ್ಲ, ಓದಿದೋನು ನೀನು!”

ಸೆರಗು ಸಿಕ್ಕಿಸಿ ಕೋಳಿಯನ್ನು ಎಳೆದುಕೊಂಡು ತುಂಡು ಮಾಡಿದಳು. ಊರಿನಿಂದ ತಂದು ಎರಡು ತಿಂಗಳು ಬಿಚ್ಚದೆ ಇಟ್ಟಿದ್ದ ಖಾರದ ಪುಡಿಯ ಗಂಟನ್ನು ಬಿಚ್ಚಿದಳು. ನಮ್ಮಾಕೆಗೆ ಕಾಯಿ ತುರಿಯುವ ಕೆಲಸ, ನಮಗೆ ಈರುಳ್ಳಿ, ಮಗಳಿಗೆ ಬೆಳ್ಳುಳ್ಳಿ, ಮಗನಿಗೆ ಗಸಗಸೆ ಡಬ್ಬಿ ಹುಡುಕುವ ಕೆಲಸ. ಮುದ್ದೆ ತಿರುವಲು ಕೋಲಿರಲಿಲ್ಲ. ಚಪಾತಿಯ ಲಟ್ಟಣಿಗೆಯಲ್ಲೇ ತಿರುವಿ, ಅದಕ್ಕಾಗಿ ನಮ್ಮಾಕೆಯನ್ನೂ ಬಯ್ದಳು. ಮಸಾಲೆ ಕುದಿಯುತ್ತಿದ್ದಂತೆ, ಅರೆಬೆಂದ ತೊಡೆಯೂ ಒಣಗಿದ ಎದೆಯೂ ಸಾರಿನಲ್ಲಿ ಬಿದ್ದು ಮೆತ್ತಗಾದುವು. ದರಿಯಾಗಂಜಿನಲ್ಲಿ ನಡೆಯಿತೆನ್ನುವ ಸಂಗತಿಯೇ ನಮ್ಮ ಕ್ವಾರ್ಟರ್ಸಿನಲ್ಲೂ ನಡೆಯಿತು; ಹೈಕೋರ್ಟಿಗೆ ಹೋಗುವವರು ಮಾತ್ರ ಇರಲಿಲ್ಲ.

ಬಡಿಸುವಾಗ ಅವ್ವ ಕತ್ತಿನ ತುಂಡನ್ನು ಸೌಟಿನಲ್ಲಿ ಹುಡುಕಿ ತೆಗೆದಳು. ತೊಡೆಯನ್ನೆಲ್ಲ ನಮಗೆ ಬಿಟ್ಟುಕೊಟ್ಟು, ಕತ್ತೇ ರುಚಿಯೆಂದು ಯಾವಾಗಲೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದವರು ಅಪ್ಪ. ಸೌಟು ಒಂದು ಗಳಿಗೆ ಹಾಗೆಯೇ ನಿಂತಿತು. ಆಮೇಲೆ ಅದನ್ನು ನಮ್ಮ ತಟ್ಟೆಗೆ ಹಾಕಿ, “ನಿಮ್ಮಪ್ಪನ ಪಾಲು. ಇನ್ಮೇಲೆ ನಿಂದು” ಎಂದಳು. ತಿಂದೆವು. ಅದರಲ್ಲಿ ಮಾಂಸಕ್ಕಿಂತ ಮೂಳೆಯೇ ಹೆಚ್ಚೆಂಬುದು ನಮಗೆ ಅಂದು ಗೊತ್ತಾಯಿತು.

ಇನ್ನು ತೀರ್ಪು. ಅಂಗಡಿಯ ಕೋಳಿಗೆ ೫೫೦ ರೂಪಾಯಿ. ನಮ್ಮದಕ್ಕೆ ಕೋಳಿ ೪೮೦, ಮೊಸರು ಮಸಾಲೆ ೧೩೦, ಕರೆಂಟು ಹೆಚ್ಚೆಂದರೆ ಎರಡು ಯೂನಿಟ್, ಜೊತೆಗೆ ಒಂದು ಸಿ.ಎಲ್. ತೂಕದಲ್ಲಿ ನಮ್ಮದು ಇಮ್ಮಡಿಯೆಂದರೂ, ಸುಟ್ಟ ಕೋಳಿ ಬೇಕಾದವರು ಸುಡಬಲ್ಲವರಿಂದ ಕೊಳ್ಳುವುದೇ ಲೇಸು. ಮನೆಯಲ್ಲೇ ಆಗಬೇಕೆಂಬ ಹಟವಿದ್ದವರಿಗೆ, ಕೆಟ್ಟ ಮೇಲೆ ನಾವು ಕಲಿತ ಬುದ್ಧಿ ಇದು: ತೊಗಲು ಸುಲಿಯದ ಕೋಳಿ ಕೇಳಿ ತನ್ನಿ. ಕಾವು ೨೦೦ ಡಿಗ್ರಿ ಮೀರದಿರಲಿ. ಎದೆ ಬೇಗ ಬೇಯುತ್ತದೆ, ತೊಡೆ ನಿಧಾನ. ಆದ್ದರಿಂದ ಅರ್ಧ ಹೊತ್ತು ಎದೆ ಕೆಳಗಾಗಿ ಮಲಗಿಸಿ, ಆಮೇಲೆ ಮಗುಚಿ. ತೊಡೆಯ ದಪ್ಪ ಭಾಗದ ಒಳಗಿನ ಶಾಖ ೭೪ ಡಿಗ್ರಿ ಮುಟ್ಟಿದರೆ ಬೆಂದಂತೆ. ಹೊರತೆಗೆದು ಕಾಲು ಗಂಟೆ ಬಿಟ್ಟು ಕೊಯ್ಯಿರಿ, ರಸ ಒಳಗೇ ನಿಲ್ಲುತ್ತದೆ.

ಹೊಸತೊಡಕಿನ ದಿನ ನಡೆದದ್ದು ವರ್ಷವೆಲ್ಲ ನಡೆಯುತ್ತದೆಂಬ ನಂಬಿಕೆ ನಮ್ಮ ಮನೆಯಲ್ಲಿ ಸುಳ್ಳಾಗಿಲ್ಲ. ಅಂದಿನಿಂದ ಅವ್ವ ಅಡುಗೆಮನೆಯಲ್ಲೇ ಇದ್ದಾಳೆ. ದಿನವೂ ಒಬ್ಬರಲ್ಲ ಒಬ್ಬರನ್ನು ಬಯ್ಯುತ್ತಿದ್ದಾಳೆ. ಮಾರ್ಕೆಟ್ಟಿನಲ್ಲಿ ಮುದ್ದೆಕೋಲು ಸಿಗದೆ, ಊರಿಗೆ ಹೇಳಿ ಕಳಿಸಿದ್ದೇವೆ.