ಕಾರ್ಡಿಲ್ಲದ ಕಂಪ್ಯೂಟರು

ಗ್ರಾಫಿಕ್ಸ್ ಕಾರ್ಡು ಕೈಗೇ ಎಟುಕದ ಕಾಲ ಅದು, 2021. ಕೋವಿಡ್‌ನಿಂದಾದ ಚಿಪ್ಪುಗಳ ಕೊರತೆ ಒಂದು ಕಡೆ, ಕ್ರಿಪ್ಟೊ ಗಣಿಗಾರಿಕೆಗೆಂದು ಕಾರ್ಡುಗಳನ್ನು ಸಗಟಾಗಿ ಎತ್ತಿಕೊಂಡು ಹೋಗುವವರು ಇನ್ನೊಂದು ಕಡೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಭಾರತಕ್ಕೆ ಬಂದಾಗ ಸಾರಿದ ಬೆಲೆ 29,500 ರೂಪಾಯಿ. ಅಂಗಡಿಗಳಲ್ಲಿ ಅದರ ದುಪ್ಪಟ್ಟು ಹೇಳುತ್ತಿದ್ದರು. ಅಂಥ ಹೊತ್ತಿನಲ್ಲೇ ನಮ್ಮಕ್ಕನ ಮಗ, “ಮಾಮಾ, ನಂಗೊಂದು ಗೇಮಿಂಗ್ ಪಿಸಿ ಬೇಕು, ಚಿಕ್ಕದು” ಅಂದ.

ಚಿಕ್ಕದೇ ಯಾಕೆಂದರೆ, ಅವನಿದ್ದದ್ದು ಬೆಂಗಳೂರಿನ ಪೀಜಿಯಲ್ಲಿ. ಅರ್ಧ ಮೇಜು ಇವನದು, ಇನ್ನರ್ಧ ಜೊತೆಗಾರನದು. ರಜೆ ಬಂದರೆ ಹಾಸನದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಊರಿಗೆ ಹೋಗಬೇಕು.

ಜೊತೆಗಾರ ಆಗಲೇ ರೆಡಿಮೇಡ್ ಡಬ್ಬಿಯೊಂದನ್ನು ತರಿಸಿದ್ದ. ಬಂದ ಸಂಜೆಯೇ ಪ್ಲಗ್ಗು ಚುಚ್ಚಿ ಆಟ ಶುರು. ವಾರಂಟಿಯೂ ಎಲ್ಲಕ್ಕೂ ಸೇರಿ ಒಂದೇ. ದೊಡ್ಡ ಕಂಪನಿಗಳಿಗೆ ಕಾರ್ಡುಗಳು ಸಗಟಾಗಿ ಸಿಗುತ್ತಿದ್ದುದರಿಂದ, ಬಿಡಿಯಾಗಿ ಕೊಂಡು ಜೋಡಿಸುವುದಕ್ಕಿಂತ ಅದು ಅಗ್ಗವೂ ಆಗಿತ್ತು. ಅಕ್ಕ ಫೋನಿನಲ್ಲಿ, “ಸುಮ್ನೆ ಅದನ್ನೇ ಕೊಡಿಸಿಬಿಡೋ” ಅಂದಳು. ಆ ದಿನದ ಲೆಕ್ಕಕ್ಕೆ ಅವಳ ಮಾತು ಸರಿಯೇ.

ಆದರೂ ಹುಡುಗನನ್ನು ಕರೆದುಕೊಂಡು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಆ ಗಲ್ಲಿಗಳಲ್ಲಿ ಕೇಳಿದರೆ ತಿಳಿಯದ್ದಿಲ್ಲ. ನಮಗೆ ಪರಿಚಯದ ಅಂಗಡಿಯವರು ಹುಡುಗನ ಬಜೆಟ್ಟು ಕೇಳಿ, “ಸರ್, ಕಾರ್ಡು ಈಗ ಬೇಡವೇ ಬೇಡ. ರೈಜನ್ 5600ಜಿ ಪ್ರೊಸೆಸರು ಬಂದಿದೆ, ಗ್ರಾಫಿಕ್ಸ್ ಅದರೊಳಗೇ ಇದೆ. ಸದ್ಯಕ್ಕೆ ಅದರಲ್ಲೇ ಓಡಿಸ್ಲಿ. ರೇಟು ಇಳಿದ ಮೇಲೆ ಕಾರ್ಡು ಹಾಕ್ಕೊಳ್ಲಿ” ಅಂದರು. ಹುಡುಗನ ಮುಖ ಅರಳಿತು. ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಕಂತಿನಲ್ಲಿ ಕಟ್ಟಬಹುದು ಎನ್ನುವುದು ಅವನಿಗೆ ಹೊಳೆದದ್ದು ಆಗಲೇ.

ತಂದದ್ದು ಮಿನಿ ಐಟಿಎಕ್ಸ್ ಬೋರ್ಡು, 17 ಸೆಂಟಿಮೀಟರ್ ಚೌಕ. 2001ರಲ್ಲಿ ವಿಯಾ ಕಂಪನಿ ತಂದ ಅಳತೆ ಇದು; ಇವತ್ತಿಗೂ ಅದೇ ನಡೆಯುತ್ತಿದೆ. ಪವರ್ ಸಪ್ಲೈ ಎಸ್‌ಎಫ್‌ಎಕ್ಸ್, ಮಾಮೂಲಿಗಿಂತ ಚಿಕ್ಕದು, ಬೆಲೆ ಮಾತ್ರ ಜಾಸ್ತಿ. ರ‍್ಯಾಮು ಎಂಟೆಂಟು ಜಿಬಿಯ ಎರಡು ಕಡ್ಡಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತದೆ. ಹಾಗಾಗಿ ಹದಿನಾರರ ಒಂದಕ್ಕಿಂತ ಎಂಟರ ಎರಡು ಹಾಕಿದರೆ ಆಟ ಎದ್ದು ಕಾಣುವಷ್ಟು ಚುರುಕಾಗುತ್ತದೆ. ಹೊಸ ಪ್ರೊಸೆಸರನ್ನು ಗುರುತಿಸಲೆಂದು ಬೋರ್ಡಿನ ಬಯೋಸನ್ನು ಅಂಗಡಿಯವರೇ ಅಪ್‌ಡೇಟ್ ಮಾಡಿಕೊಟ್ಟರು.

ನಮ್ಮ ಮನೆಯ ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಚಿಕ್ಕ ಡಬ್ಬಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ವಿದ್ಯೆ. ಬೋರ್ಡಿನ ಬೆನ್ನಿಗೆ ಕೂರುವ ಎಸ್‌ಎಸ್‌ಡಿಯನ್ನು ಮೊದಲೇ ಹಾಕಬೇಕು, ಬೋರ್ಡು ಒಳಗಿಳಿದ ಮೇಲೆ ಕೈ ಹೋಗುವುದಿಲ್ಲ. ಗಾಳಿಯ ದಾರಿಗೆ ಅಡ್ಡ ಬರದಂತೆ ತಂತಿಗಳನ್ನು ಅಂಚಿಗೆ ಕಟ್ಟಬೇಕು. ನಾನು ಟಾರ್ಚು ಹಿಡಿದು ನಿಂತೆ. ಸ್ಕ್ರೂ ಒಂದೊಂದನ್ನೂ ಅವನೇ ತಿರುಗಿಸಿದ. ಫ್ಯಾನು ತಿರುಗಿ ಪರದೆಯಲ್ಲಿ ಅಕ್ಷರ ಮೂಡಿದಾಗ, “ಮಾಮಾ, ಬಂತು!” ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಆ ವರ್ಷದ ಆಯುಧಪೂಜೆಗೆ ಅದಕ್ಕೂ ಕುಂಕುಮ ಬಿತ್ತು.

ವ್ಯಾಲರಂಟ್ ಆಟ ಸರಾಗವಾಗಿ ಓಡಿತು. ಭಾರದ ಆಟಗಳನ್ನು ಮಾತ್ರ ಅವನು ಜೊತೆಗಾರನ ಪರದೆಯಲ್ಲೇ ನೋಡಬೇಕಿತ್ತು. ಆ ಕಾಯುವಿಕೆ ಸುಲಭದ್ದಲ್ಲ. ಇಪ್ಪತ್ತರ ಹುಡುಗನಿಗಂತೂ ಅಲ್ಲ.

2022ರಲ್ಲಿ ಕಾರ್ಡಿನ ಬೆಲೆ ಇಳಿಯತೊಡಗಿತು. ಸೆಪ್ಟೆಂಬರ್ 15ರಂದು ಈಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ವಿಧಾನವನ್ನೇ ಬದಲಿಸಿತು, ಕಾರ್ಡುಗಳಿಂದ ಅದರ ಗಣಿಗಾರಿಕೆ ನಿಂತೇ ಹೋಯಿತು. ಆಮೇಲೆ ಹುಡುಗ ತಾನೇ ಕೂಡಿಟ್ಟ ದುಡ್ಡಿನಲ್ಲಿ 3060 ತಂದು, ಯಾರನ್ನೂ ಕರೆಯದೆ ಕೂರಿಸಿಕೊಂಡ. ಅದೇ ಹೊತ್ತಿಗೆ ಜೊತೆಗಾರನಿಗೂ ದೊಡ್ಡ ಕಾರ್ಡಿನ ಆಸೆ ಹುಟ್ಟಿತು. ಇಬ್ಬರೂ ಸೇರಿ ಅವನ ಡಬ್ಬಿ ಬಿಚ್ಚಿದರೆ, ಒಳಗಿನ ಪವರ್ ಸಪ್ಲೈ ಆ ಕಂಪನಿಯದೇ ಅಳತೆ, ಬೋರ್ಡೂ ಹಾಗೇ. ಹೊರಗಿನ ಯಾವುದೂ ಅದಕ್ಕೆ ಹೊಂದಲಿಲ್ಲ. ಒಂದು ಭಾಗ ಬದಲಿಸಬೇಕಾದರೆ ಇಡೀ ಡಬ್ಬಿಯನ್ನೇ ಬದಲಿಸಬೇಕಿತ್ತು.

ಈಗ ಹುಡುಗರು ಬಂದು ಯಾವುದು ಕೊಳ್ಳಲಿ ಎಂದು ಕೇಳಿದಾಗ ನಾನು ಈ ಎರಡೂ ಡಬ್ಬಿಗಳ ಕಥೆ ಹೇಳುತ್ತೇನೆ. ನಾಳೆಯೇ ಬೇಕು, ಬಿಚ್ಚುವ ಆಸಕ್ತಿ ಇಲ್ಲ ಎನ್ನುವವರು ಧಾರಾಳವಾಗಿ ರೆಡಿಮೇಡ್ ಕೊಳ್ಳಲಿ. ಆದರೆ ದುಡ್ಡು ಕೊಡುವ ಮುಂಚೆ ಒಳಗಿನ ಬೋರ್ಡು, ಪವರ್ ಸಪ್ಲೈ ಎರಡೂ ಎಲ್ಲರಿಗೂ ಸಿಗುವ ಅಳತೆಯವೇ ಎಂದು ಕೇಳಿಕೊಳ್ಳಲೇಬೇಕು. ಸ್ವಲ್ಪ ಕಾಯಬಲ್ಲವರು ಮಾತ್ರ ಕೂತು ಕೈಯಾರೆ ಜೋಡಿಸಲಿ. ತಾನೇ ಕಟ್ಟಿದ್ದನ್ನು ತಾನೇ ಬಿಚ್ಚಿ ಬೆಳೆಸುವ ಧೈರ್ಯ ನಮ್ಮ ಹುಡುಗನಿಗೆ ಆ ಊಟದ ಮೇಜಿನ ಮೇಲೆ ಬಂತು, ಕಾರ್ಡು ಬರುವುದಕ್ಕೆ ಎಷ್ಟೋ ಮುಂಚೆಯೇ.