ಅತ್ತಿಯವ್ರ ತಬಕಡಿ

ದೀಪಾವಳಿಗೆ ಅಟ್ಟ ಸ್ವಚ್ಛ ಮಾಡೂವಾಗ ಗ್ರಾಮೋಫೋನ್ ತಬಕಡಿ ಡಬ್ಬಿ ಸಿಕ್ತು ನೋಡ್ರಿ. ಮಾವಾರ ಅಪ್ಪ ತಂಬಾಕದ ವ್ಯಾಪಾರಕ್ಕ ಮುಂಬೈಗೆ ಹೋದಾಗ ತಂದಿದ್ದು. ಮಿರಜದ ಅಬ್ದುಲ್ ಕರೀಂ ಖಾನ್‌ರು ಅದಾರ, ಗಂಗೂಬಾಯಿ ಹಾನಗಲ್ಲರೂ ಅದಾರ. ಆಗ ಅವರ ಹೆಸರು ಗಾಂಧಾರಿ ಅಂತ ಅಚ್ಚಾಗ್ತಿತ್ತು. ಇನ್ನೊಂದು ಒಡದದ್ದು. ತುಂಡು ಜೋಡಿಸಿ ಮಗಳು ಓದಿದ್ಲು: ರೇ ನೋಬಲ್ ಬ್ಯಾಂಡು, ಫಾಕ್ಸ್‌ಟ್ರಾಟ್. ನರಿ ಓಟಂತ! ಇಂಗ್ಲಿಷರು ಜೋಡಿ ಜೋಡಿ ಹಿಡಕೊಂಡು ಕುಣಿಯೂದು. ಹಾಡಿದಾಂವನ ಹೆಸರ ಹಾಕಿಲ್ಲ. ಆಲ್ ಬೌಲಿ ಅಂತ ಆಕಿನ ಹುಡುಕಿದ್ಲು. 1941ರಾಗ ಲಂಡನ್ನಿನಾಗ ಜರ್ಮನಿಯವ್ರ ಬಾಂಬಿಗೆ ಸತ್ನಂತ.

ಗಂಡಸರು ಹೊಲಕ್ಕ ಹೋದಮ್ಯಾಲೆ ಅತ್ತಿಯವ್ರು ಇದನ್ನ ಹಚ್ಚತಿದ್ರು. ಒಂದು ಕಡೀಗೆ ಮೂರು ನಿಮಿಷ ಅಷ್ಟ. ಮಾತು ಒಂದೂ ತಿಳೀತಿರ್ಲಿಲ್ಲ, ಆದ್ರೂ ರೊಟ್ಟಿ ಬಡಿಯೂವಾಗ ಅವರ ಕಾಲಬೆರಳು ಕುಣೀತಿದ್ವು.

ನಾ ಹೊಸಾ ಸೊಸಿ. ಧೂಳ ಒರಸೂವಾಗ ಕೈಜಾರಿ ಬಿತ್ತು. ಅರಗಿಂದು, ಗಾಜಿನಂಗ ಒಡೀತೈತಿ. ಅಂಜಿ ತುಂಡನ್ನ ಡಬ್ಬಿ ತಳಕ್ಕ ತುರುಕಿಟ್ಟೆ. ಅವರು ಒಮ್ಮಿನೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅವರು ಹೋಗೂತನಕ.

ಮೊನ್ನೆ ತಗದ್ರ, ಆ ತುಂಡು ಅವರ ಹಳೀ ಇಳಕಲ್ ಸೀರಿ ಸೆರಗಿನಾಗ ಸುತ್ತಿದ್ವು. ಗಂಟು ಅವರದ.