ಕೆಟ್ಟಿಲ್ಲದ ಓವನ್

ನಮ್ಮ ಮನೆಯ ಓವನ್ ಒಮ್ಮೆಯೂ ಕೆಟ್ಟದ್ದಿಲ್ಲ. ಆದರೆ ಅದು ಕೆಟ್ಟಿದೆ ಎಂದು ನಾವು ಒಮ್ಮೆ ಹೇಳಿದ್ದೇವೆ. ವರ್ಷಗಳು ಕಳೆದರೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಮಾಂಸದ ನಾರಿನಂತೆ ಇನ್ನೂ ಕಾಡುತ್ತದೆ.

2008ರಲ್ಲಿ ನಾವಿಬ್ಬರೂ ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್ಯಾಪಿಡ್ಸ್ ಎಂಬ ಊರಿನಲ್ಲಿದ್ದೆವು. ಉದ್ಯೋಗಕ್ಕಾಗಿ ಮಂಗಳೂರಿನಿಂದ ಹೋದವರು ನಾವು. ಊರಿನಿಂದ ಹೊರಬಿದ್ದರೆ ಕಣ್ಣು ಹಾಯುವವರೆಗೂ ಮೆಕ್ಕೆಜೋಳದ ಹೊಲಗಳು. ಆ ಜೋಳ ತಿಂದು ಬೆಳೆಯುವ ಹಂದಿಗಳು. ಅಮೆರಿಕದಲ್ಲಿ ಅತಿ ಹೆಚ್ಚು ಹಂದಿ ಸಾಕುವ ರಾಜ್ಯವದು. ಅಲ್ಲಿ ಜನರಿಗಿಂತ ಹಂದಿಗಳ ಸಂಖ್ಯೆಯೇ ಹಲವು ಪಟ್ಟು ಹೆಚ್ಚು. ವಿಚಿತ್ರವೆಂದರೆ ಅಮೆರಿಕದ ‘ತಾಯಿ ಮಸೀದಿ’ ಇರುವುದೂ ಇದೇ ಊರಿನಲ್ಲಿ. ಸಿರಿಯಾ, ಲೆಬನಾನ್ ಕಡೆಯಿಂದ ಬಂದು ನೆಲೆಸಿದವರು 1934ರಲ್ಲಿ ಕಟ್ಟಿದ್ದು. ಮಸೀದಿಗೆಂದೇ ಕಟ್ಟಿ ಇಂದಿಗೂ ಉಳಿದಿರುವ ಕಟ್ಟಡಗಳಲ್ಲಿ ಆ ದೇಶದಲ್ಲೇ ಹಳೆಯದು.

ಆ ವರ್ಷ ಜೂನ್ 13, ಶುಕ್ರವಾರ, ಸೀಡರ್ ನದಿ 31 ಅಡಿಯ ಮಟ್ಟ ತಲುಪಿತು. ಅದಕ್ಕೆ ಮೊದಲಿನ ದಾಖಲೆ 20 ಅಡಿ. 5 ಸಾವಿರಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ತಾಯಿ ಮಸೀದಿಯ ನೆಲಮಾಳಿಗೆಯೂ ಮುಳುಗಿ, ಅಲ್ಲಿ ಜೋಪಾನವಾಗಿಟ್ಟಿದ್ದ ಪುಸ್ತಕ, ದಾಖಲೆಗಳು ಹಾಳಾದವು. ಊರಿನ ಕುಡಿಯುವ ನೀರಿನ ಬಾವಿಗಳಿಗೂ ಅಪಾಯ ಬಂದಾಗ ಜನರೇ ಸೇರಿ ಮರಳಿನ ಚೀಲ ಪೇರಿಸಿ ಕೊನೆಯದೊಂದನ್ನು ಉಳಿಸಿಕೊಂಡರು. ನಮ್ಮ ಮನೆ ಎತ್ತರದ ಭಾಗದಲ್ಲಿದ್ದುದರಿಂದ ನಮಗೇನೂ ಆಗಲಿಲ್ಲ. ಏನೂ ಆಗದವರಿಗೆ ಒಂದು ಬಗೆಯ ಸಂಕೋಚವಿರುತ್ತದೆ. ನಮಗೂ ಇತ್ತು.

ನೀರು ಇಳಿದ ಮೇಲೆ ಎಲ್ಲೆಡೆ ಕೆಸರು ತೆಗೆಯುವ ಕೆಲಸ ಶುರುವಾಯಿತು. ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ ಹೆಂಗಸು. ಹಿಮ ಬಿದ್ದ ದಿನಗಳಲ್ಲಿ ನಮ್ಮ ಮೆಟ್ಟಿಲಿನ ಹಿಮವನ್ನೂ ಗುಡಿಸಿ ಹೋಗುತ್ತಿದ್ದವರು. ಅವರ ಚರ್ಚಿನ ಅಡುಗೆಮನೆ ನೀರಿನಲ್ಲಿ ಮುಳುಗಿತ್ತು. ಕೆಸರು ತೆಗೆಯುವ ಸ್ವಯಂಸೇವಕರಿಗೆ ಬಿಸಿ ಊಟ ಕೊಡಬೇಕೆಂದು ಚರ್ಚಿನ ಹೆಂಗಸರು ಕೆಲಸವನ್ನು ಮನೆಮನೆಗೆ ಹಂಚಿಕೊಂಡಿದ್ದರು. ಅಜ್ಜಿಯ ಪಾಲಿಗೆ ಬಂದದ್ದು ಎಂಟು ಡಜನ್ ಹ್ಯಾಮ್-ಚೀಸ್ ಸ್ಯಾಂಡ್‌ವಿಚ್.

“ನನ್ನ ಓವನ್ನಿನಲ್ಲಿ ಒಂದು ಸಲಕ್ಕೆ ನಾಲ್ಕು ಡಜನ್ ಮಾತ್ರ ಹಿಡಿಯುತ್ತದೆ. ಉಳಿದದ್ದನ್ನು ನಾಳೆ ಬೆಳಿಗ್ಗೆ ನಿಮ್ಮ ಓವನ್ನಿನಲ್ಲಿ ಇಪ್ಪತ್ತು ನಿಮಿಷ ಇಟ್ಟುಕೊಡುತ್ತೀರಾ? ಎಲ್ಲ ಸುತ್ತಿಟ್ಟಿದ್ದೇನೆ. ನೀವು ಏನೂ ಮಾಡಬೇಕಾಗಿಲ್ಲ” ಎಂದರು.

ಆ ತಿಂಡಿ ಆ ಕಡೆಯ ಚರ್ಚುಗಳಲ್ಲಿ, ಸಾವಿನ ಮನೆಗಳಲ್ಲಿ, ಆಟದ ದಿನಗಳಲ್ಲಿ ಮಾಡುವಂಥದ್ದು. ಬನ್ನನ್ನು ಎರಡು ಹೋಳು ಮಾಡಿ, ಬೆಣ್ಣೆಗೆ ಅರೆದ ಸಾಸಿವೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಗಸಗಸೆ ಕಲಸಿ ಒಳಭಾಗಕ್ಕೆ ಸವರುತ್ತಾರೆ. ನಡುವೆ ತೆಳ್ಳಗಿನ ಹ್ಯಾಮ್, ಅದರ ಮೇಲೆ ಚೀಸ್. ಹ್ಯಾಮ್ ಎಂದರೆ ಹಂದಿಯ ತೊಡೆ. ಉಪ್ಪು ಹಿಡಿಸಿ, ಹೊಗೆ ಕೊಟ್ಟು, ಮೊದಲೇ ಬೇಯಿಸಿರುವುದರಿಂದ ಬಿಸಿ ಮಾಡಿದರೆ ಸಾಕು. ಒಂದೊಂದನ್ನೂ ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ ಸುಮಾರು 175 ಡಿಗ್ರಿಯ ಓವನ್ನಿಗೆ ಇಡುತ್ತಾರೆ. ಕಾವಲಿಯಲ್ಲಾದರೆ ಕೆಳಗಿನಿಂದ ಮಾತ್ರ ಕಾವು. ಓವನ್ನಿನಲ್ಲಿ ಸುತ್ತಲಿಂದಲೂ ಕಾವು. ಫಾಯಿಲಿನೊಳಗೆ ಹಬೆ ನಿಂತು ಬನ್ ಮೆತ್ತಗೆ ಉಳಿಯುತ್ತದೆ, ಚೀಸ್ ಕರಗುತ್ತದೆ. ತೆಗೆದು ಮುಚ್ಚಳದ ಐಸ್ ಪೆಟ್ಟಿಗೆಗೆ ತುಂಬಿದರೆ ಮಧ್ಯಾಹ್ನದವರೆಗೂ ಬಿಸಿಯಾಗಿರುತ್ತದೆ. ತಣ್ಣಗಿಡುವ ಪೆಟ್ಟಿಗೆ ಬಿಸಿಯನ್ನೂ ಕಾಯುತ್ತದೆ ಎಂದು ನಮಗೆ ಗೊತ್ತಾದದ್ದು ಅಲ್ಲಿಯೇ.

ಅಜ್ಜಿ ಕೇಳಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಇದಾವುದೂ ಅಲ್ಲ. ಕರಾವಳಿಯ ನಮ್ಮ ಮನೆಗಳಲ್ಲಿ ಶಾಫಿಈ ಪದ್ಧತಿ. ಹಂದಿಯ ತೇವ ಸೋಕಿದ ಪಾತ್ರೆಯನ್ನು ಏಳು ಬಾರಿ, ಅದರಲ್ಲಿ ಒಮ್ಮೆ ಮಣ್ಣು ಕಲಸಿದ ನೀರಿನಲ್ಲಿ ತೊಳೆಯಬೇಕೆಂದು ಬಾಲ್ಯದಿಂದಲೇ ಕಲಿತವರು ನಾವು. ಫಾಯಿಲ್ ಸುತ್ತಿದೆಯಲ್ಲ ಎಂದು ಓದುಗರು ಕೇಳಬಹುದು. ಕರಗಿದ ಬೆಣ್ಣೆ, ಚೀಸ್ ಮಡಿಕೆಯಿಂದ ಜಿನುಗದೆ ಇರುವುದಿಲ್ಲ. ಆ ಓವನ್ನನ್ನು ಆಮೇಲೆ ಹೇಗೆ ತೊಳೆಯುವುದು? ಊರಿಗೆ ಊರೇ ನೀರು ಉಳಿಸುತ್ತಿರುವಾಗ ಏಳು ಬಾರಿ ತೊಳೆಯಲು ನೀರೆಲ್ಲಿಯದು?

ಇದನ್ನೇ ಹೇಳಿದ್ದರೆ ಆಗುತ್ತಿತ್ತು. ಆದರೆ ಮನೆ ಕಳೆದುಕೊಂಡವರಿಗೆ ಊಟ ಮಾಡುತ್ತಿರುವ ಮುದುಕಿಯ ಮುಂದೆ ನಮ್ಮ ಮಡಿಯ ಮಾತು ಎತ್ತುವುದು ಹೇಗೆ? ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಬೇರೆ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಯಿಂದ ಬಂದದ್ದು ಇಷ್ಟೇ: “ನಮ್ಮ ಓವನ್ ಕೆಟ್ಟಿದೆ.”

“ಅಯ್ಯೋ, ಪಾಪ” ಎಂದು ಅಜ್ಜಿ ಹೊರಟುಹೋದರು. ಪಾಪ ಎಂದದ್ದು ನಮಗೆ.

ಆ ರಾತ್ರಿ ಓವನ್ ಹಚ್ಚಲಿಲ್ಲ. ವಾಸನೆ ಗೋಡೆಯಾಚೆ ಹೋದೀತೆಂಬ ಭಯ. ಅಜ್ಜಿಯ ಮನೆಯಲ್ಲಿ ಮಾತ್ರ ಬೆಳಗಿನ ಜಾವ ನಾಲ್ಕು ಗಂಟೆಗೇ ದೀಪ ಹೊತ್ತಿತ್ತು. ಒಂದೇ ಓವನ್ನಿನಲ್ಲಿ ಎರಡು ಸರದಿ ಮುಗಿಸಬೇಕಿತ್ತಲ್ಲ. ನಾವು ಸುಬಹ್ ನಮಾಝಿಗೆ ಎದ್ದಾಗ ಕಿಟಕಿಯಿಂದ ಆ ದೀಪ ಕಾಣುತ್ತಿತ್ತು. ನಮಾಝಿನಲ್ಲಿ ಮನಸ್ಸು ನಿಲ್ಲಲಿಲ್ಲ.

ಮರುದಿನ ಸಂಜೆ ಮತ್ತೆ ಬಾಗಿಲು ತಟ್ಟಿದ ಸದ್ದು. ಅಜ್ಜಿ ಏದುಸಿರು ಬಿಡುತ್ತಾ ನಿಂತಿದ್ದರು. ಕೈಯಲ್ಲಿ ಮೇಜಿನ ಮೇಲಿಡುವ ಒಂದು ಪುಟ್ಟ ಓವನ್. “ನಿಮ್ಮದು ರಿಪೇರಿಯಾಗುವ ತನಕ ಇದನ್ನು ಇಟ್ಟುಕೊಳ್ಳಿ. ಹಳೆಯದು, ಆದರೆ ಗಟ್ಟಿ. ಇಪ್ಪತ್ತು ವರ್ಷದಿಂದ ನನ್ನ ಹ್ಯಾಮ್ ಸ್ಯಾಂಡ್‌ವಿಚ್ ಎಲ್ಲ ಇದರಲ್ಲೇ” ಎಂದು ಒಳಗೆ ಬಂದು ನಮ್ಮ ಅಡುಗೆಕಟ್ಟೆಯ ಮೇಲೆ ಇಟ್ಟೇಬಿಟ್ಟರು!

ಹ್ಯಾಮನ್ನು ನಮ್ಮ ಓವನ್ನಿನಿಂದ ದೂರವಿಡಲು ಸುಳ್ಳು ಹೇಳಿದವರು ನಾವು. ಈಗ ಇಪ್ಪತ್ತು ವರ್ಷ ಹ್ಯಾಮ್ ಕಂಡ ಓವನ್ನೇ ನಮ್ಮ ಅಡುಗೆಮನೆಗೆ ಬಂದು ಕುಳಿತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುರ್‌ಆನ್ ಹಂದಿಮಾಂಸವನ್ನು ನಿಷೇಧಿಸಿರುವುದು ನಾಲ್ಕು ಕಡೆ. ಸುಳ್ಳನ್ನು ಎಷ್ಟು ಕಡೆ ಖಂಡಿಸಿದೆ ಎಂದು ಎಣಿಸಿ ಮುಗಿಸುವುದು ಕಷ್ಟ. ಓವನ್ನನ್ನು ಶುದ್ಧವಾಗಿ ಉಳಿಸಿಕೊಂಡ ನಾವು ನಾಲಿಗೆಯನ್ನು ಉಳಿಸಿಕೊಂಡಿರಲಿಲ್ಲ. ಅದನ್ನು ಎಷ್ಟು ಬಾರಿ ತೊಳೆಯಬೇಕು?

ಕುಳ್ಳಿರಿಸಿ, ಚಹಾ ಕೊಟ್ಟು, ಎಲ್ಲವನ್ನೂ ಹೇಳಿದೆವು. ಓವನ್ ಕೆಟ್ಟಿಲ್ಲವೆಂದೂ ಹೇಳಿದೆವು.

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀವು ಹ್ಯಾಮ್ ತಿನ್ನದಿರುವುದರಿಂದ ನನಗೇನೂ ಬೇಸರವಿಲ್ಲ. ಆದರೆ ಹೇಳಿದರೆ ನಾನು ಕೋಪಿಸಿಕೊಳ್ಳುತ್ತೇನೆ ಎಂದುಕೊಂಡಿರಲ್ಲ, ಅದಕ್ಕೆ ಬೇಸರ” ಎಂದರು. ನಾವು ತಲೆ ತಗ್ಗಿಸಿದೆವು. ಆಕೆ ಚಹಾ ಮುಗಿಸಿ ಕೇಳಿದರು: “ಹಾಗಾದರೆ ನಿಮ್ಮ ಓವನ್ನಿನಲ್ಲಿ ಏನು ಆಗುತ್ತದೆ?”

ಕೋಳಿ ಆಗುತ್ತದೆ ಎಂದೆವು. ಷಿಕಾಗೋ ಅಲ್ಲಿಂದ ನಾಲ್ಕು ಗಂಟೆಯ ದಾರಿ. ಅಲ್ಲಿನ ಡೆವಾನ್ ಅವೆನ್ಯೂದ ಅಂಗಡಿಗಳಿಂದ ಹಲಾಲ್ ಕೋಳಿ ತಂದು ಫ್ರೀಜರಿನಲ್ಲಿ ತುಂಬಿಟ್ಟಿದ್ದೆವು. ಅದನ್ನು ಉಪ್ಪು, ಕಾಳುಮೆಣಸು ಹಾಕಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದೆವು. ಚೀಸ್ ತಂದವರು ಅಜ್ಜಿ. ಚೀಸಿನಲ್ಲೂ ಒಂದು ಪ್ರಶ್ನೆ ಇತ್ತು. ಹಾಲನ್ನು ಒಡೆಸುವ ರೆನೆಟ್ ಹಿಂದಿನಿಂದಲೂ ಕರುವಿನ ಹೊಟ್ಟೆಯಿಂದ ಬರುತ್ತಿತ್ತು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೋಸಿನ್‌ಗೆ ಅಮೆರಿಕದಲ್ಲಿ 1990ರಲ್ಲಿ ಅನುಮತಿ ಸಿಕ್ಕ ಮೇಲೆ ಅಲ್ಲಿ ಹೆಚ್ಚಿನ ಚೀಸ್ ಅದರಿಂದಲೇ ಆಗುತ್ತದೆ. ಇಷ್ಟು ಹೇಳಿದ್ದೇ ತಡ, ಅಜ್ಜಿ ಕನ್ನಡಕ ಏರಿಸಿ ಅಂಗಡಿಯ ಪ್ಯಾಕೆಟ್ಟುಗಳನ್ನೆಲ್ಲ ಓದಿ ಸರಿಯಾದದ್ದನ್ನೇ ಆರಿಸಿ ತಂದರು. ಅರೆದ ಸಾಸಿವೆ, ಗಸಗಸೆ ನಮ್ಮ ಮನೆಯಲ್ಲೇ ಇತ್ತು. ಗಸಗಸೆ ಪಾಯಸದ ವಿಷಯ ಕೇಳಿ ಆಕೆಗೆ ಬಲು ಅಚ್ಚರಿ.

ನಾಲ್ಕು ಡಜನ್ ನಮ್ಮ ಓವನ್ನಿನಲ್ಲಿ, ನಾಲ್ಕು ಡಜನ್ ಅವರದರಲ್ಲಿ. ನಮ್ಮ ಪೊಟ್ಟಣಗಳ ಮೇಲೆಲ್ಲ ಅಜ್ಜಿಯೇ ದಪ್ಪ ಅಕ್ಷರದಲ್ಲಿ ‘ಕೋಳಿ’ ಎಂದು ಬರೆದರು. ಪೆಟ್ಟಿಗೆಯೂ ಬೇರೆ. ಕಾರಿಗೆ ತುಂಬುವಾಗ, “ನಿಮ್ಮ ಮಸೀದಿಯಲ್ಲೂ ಹುಡುಗರು ಕೆಸರು ತೆಗೆಯುತ್ತಿದ್ದಾರಲ್ಲ, ಅಲ್ಲಿಗೆ ಒಂದು ಡಜನ್ ಕೊಡೋಣ. ನೀವು ಹೇಳದಿದ್ದರೆ ನಾನು ಅಲ್ಲಿಗೂ ಹ್ಯಾಮ್ ಒಯ್ಯುತ್ತಿದ್ದೆ” ಎಂದರು. ನಮ್ಮ ಸುಳ್ಳು ಎಲ್ಲಿಯವರೆಗೆ ಹೋಗಬಹುದಿತ್ತು ಎಂಬುದು ಆಗ ಅರ್ಥವಾಯಿತು.

ಮಂಗಳೂರಿನಲ್ಲಿ ನಮ್ಮ ನೆರೆಮನೆ ಬಾಯಮ್ಮನದು. ಅವರ ಹಬ್ಬದ ಅಡುಗೆಯಲ್ಲಿ ಹಂದಿಮಾಂಸ ಇರುತ್ತಿತ್ತು. ಕ್ರಿಸ್‌ಮಸ್‌ಗೆ ನಮ್ಮಲ್ಲಿಗೆ ಬರುತ್ತಿದ್ದುದು ಕುಸ್ವಾರಿನ ತಟ್ಟೆ ಮಾತ್ರ. ಉಮ್ಮನೂ ಏನನ್ನೂ ಹೇಳಿರಲಿಲ್ಲ, ಬಾಯಮ್ಮನೂ ಕೇಳಿರಲಿಲ್ಲ. ತಲೆಮಾರುಗಳಿಂದ ಪಕ್ಕಪಕ್ಕದಲ್ಲಿ ಬಾಳಿದವರಿಗೆ ಪರಸ್ಪರರ ತಟ್ಟೆ ಗೊತ್ತಿರುತ್ತದೆ. ನಮ್ಮ ಪರವಾಗಿ ಊರೇ ಮಾತಾಡುತ್ತಿತ್ತು. ಹೊಸ ಊರಿನಲ್ಲಿ ಆ ಮಾತನ್ನು ನಾವೇ ಆಡಬೇಕು. ನಾವು ಬಾಯಿ ಬಿಡದಿದ್ದರೆ ಎದುರಿನವರಿಗೆ ತಿಳಿಯುವುದಾದರೂ ಹೇಗೆ? ತಿಳಿಯದೆ ಅವರಿಂದಾಗುವ ತಪ್ಪನ್ನು ಅವರ ಅಸಹನೆ ಎಂದು ನಾವೇ ಕರೆದುಬಿಡುತ್ತೇವೆ. ಈಗ ನಮ್ಮ ಊರುಗಳಲ್ಲೂ ಹೊಸ ಬಡಾವಣೆಗಳು, ಫ್ಲ್ಯಾಟುಗಳು. ಪಕ್ಕದವರ ತಟ್ಟೆ ಯಾರಿಗೂ ಗೊತ್ತಿಲ್ಲ. ಇಲ್ಲಿಯೂ ಹೇಳಿಕೊಳ್ಳುವ ಕಾಲ ಬಂದಿದೆ.

ನಾವು ಅಯೋವಾ ಬಿಟ್ಟು ಬರುವ ದಿನ ಅಜ್ಜಿ ಒಂದು ಚೀಟಿ ಕೊಟ್ಟರು. ಸ್ಯಾಂಡ್‌ವಿಚ್ ಮಾಡುವ ವಿಧಾನ, ಅವರದೇ ಕೈಬರಹದಲ್ಲಿ. ಹ್ಯಾಮ್ ಎಂದಿದ್ದಲ್ಲಿ ಗೀಟೆಳೆದು ಕೋಳಿ ಎಂದು ಬರೆದಿದ್ದರು. ಕೆಳಗೆ ಒಂದೇ ಸಾಲು: “ಓವನ್ ಸರಿಯಾಗಿದೆ ತಾನೇ?”